ಜಪಾನಿನ ಬುತ್ತಿಯುಂಡೆ

ಜಪಾನಿನ ಮಕ್ಕಳಿಗೆಲ್ಲ ಗೊತ್ತಿರುವ ಜನಪದ ಕಥೆಯೊಂದಿದೆ. ಗುಡ್ಡಕ್ಕೆ ಕಟ್ಟಿಗೆ ಕಡಿಯಲು ಹೋದ ಅಜ್ಜನೊಬ್ಬ ಮಧ್ಯಾಹ್ನ ಮರದ ಬುಡದಲ್ಲಿ ಕುಳಿತು, ಅಜ್ಜಿ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚುತ್ತಾನೆ. ಒಳಗಿದ್ದ ಅನ್ನದ ಉಂಡೆಯೊಂದು ಕೈಜಾರಿ ಇಳಿಜಾರಿನಲ್ಲಿ ಉರುಳತೊಡಗುತ್ತದೆ. ಅಜ್ಜ ಅದರ ಹಿಂದೆ ಓಡುತ್ತಾನೆ. ಉಂಡೆ ಉರುಳಿ ಉರುಳಿ ಇಲಿಯ ಬಿಲಕ್ಕೆ ಬೀಳುತ್ತದೆ. ಬಿಲದೊಳಗಿನಿಂದ ಹಾಡು ಕೇಳಿಸುತ್ತದೆ. ಹಾಡಿಗೆ ಮರುಳಾದ ಅಜ್ಜ ಉಳಿದ ಉಂಡೆಯನ್ನೂ ಒಳಗೆ ಹಾಕುತ್ತಾನೆ. ಇಲಿಗಳು ಅವನನ್ನು ಕರೆದು ಸತ್ಕರಿಸಿ, ಕೈತುಂಬ ಉಡುಗೊರೆ ಕೊಟ್ಟು ಕಳಿಸುತ್ತವೆ. ಇದನ್ನು ಕೇಳಿದ ಪಕ್ಕದ ಮನೆಯ ಆಸೆಬುರುಕ ತಾನೂ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಾನೆ. ಅವನಿಗೆ ಏನಾಗಬೇಕೋ ಅದು ಆಗುತ್ತದೆ.

ಕನ್ನಡದ ಮಗುವಿಗೆ ಇಲಿಗಳು ಹಾಡಿದ್ದು ದೊಡ್ಡ ವಿಷಯವಲ್ಲ. ಕಥೆಯಲ್ಲಿ ಇಲಿಗಳು ಹಾಡಲೇಬೇಕು. ಆದರೆ ಗುಡ್ಡದ ಮೇಲಿಂದ ಉರುಳಿದ ಅನ್ನದ ಉಂಡೆ ಒಡೆಯದೆ ಬಿಲದವರೆಗೆ ಹೋದದ್ದು ಹೇಗೆ? ಸೋನಾ ಮಸೂರಿಯ ಅನ್ನವನ್ನು ಎಷ್ಟೇ ಬಿಗಿಯಾಗಿ ಉಂಡೆ ಕಟ್ಟಿದರೂ ಮೊದಲನೇ ಕಲ್ಲಿಗೆ ತಾಗುತ್ತಲೇ ಅದು ಅಗುಳು ಅಗುಳಾಗಿ ಚೆಲ್ಲಿಹೋಗುತ್ತದೆ. ಈ ಪ್ರಶ್ನೆ ಕೇಳುವ ಮಗು ಜಾಣ ಮಗು. ಅದಕ್ಕೆ ಉತ್ತರ ಹೇಳಹೊರಟರೆ ಅಡುಗೆಮನೆ, ಪ್ರಯೋಗಶಾಲೆ, ಸಮುದ್ರತೀರ, ಒಂದು ಶಾಲೆ ಎಲ್ಲವನ್ನೂ ಸುತ್ತಿ ಬರಬೇಕಾಗುತ್ತದೆ.

ಆ ಉಂಡೆಯ ಹೆಸರು ಒನಿಗಿರಿ. ಜಪಾನೀ ಭಾಷೆಯಲ್ಲಿ ‘ನಿಗಿರು’ ಎಂದರೆ ಮುಷ್ಟಿಯಲ್ಲಿ ಹಿಡಿಯುವುದು. ಅದಕ್ಕೆ ಇನ್ನೊಂದು ಹೆಸರು ಒಮುಸುಬಿ. ‘ಮುಸುಬು’ ಎಂದರೆ ಕಟ್ಟುವುದು. ಕನ್ನಡದಲ್ಲೂ ಉಂಡೆಯನ್ನು ‘ಕಟ್ಟುತ್ತಾರೆ’, ಬುತ್ತಿಯನ್ನೂ ‘ಕಟ್ಟುತ್ತಾರೆ’. ಹೀಗಾಗಿ ಈ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಸುಶಿಯಲ್ಲ. ಸುಶಿಯ ಅನ್ನಕ್ಕೆ ವಿನಿಗರ್, ಸಕ್ಕರೆ, ಉಪ್ಪು ಬೆರೆಸುತ್ತಾರೆ. ಒನಿಗಿರಿಗೆ ಬೇಕಾದದ್ದು ಬರೀ ಅನ್ನ, ಕೈಗೆ ಹಚ್ಚಿಕೊಂಡಷ್ಟು ಉಪ್ಪು, ನಡುವೆ ಏನಾದರೊಂದು ಉಪ್ಪುಹುಳಿಯ ಪದಾರ್ಥ. ಅತಿಥಿಗಳಿಗೆ ಬಡಿಸುವ ಭಕ್ಷ್ಯವೂ ಅಲ್ಲ. ಹೊಲಕ್ಕೆ, ಶಾಲೆಗೆ, ಪ್ರವಾಸಕ್ಕೆ, ರೈಲಿಗೆ ಕಟ್ಟಿಕೊಂಡು ಹೋಗುವ ತಿಂಡಿ.

ಇದು ಎಷ್ಟು ಹಳೆಯದು ಎಂಬುದಕ್ಕೆ ಒಂದು ಕುರುಹು ಸಿಕ್ಕಿದೆ. 1987ರಲ್ಲಿ ಇಶಿಕಾವಾ ಪ್ರಾಂತದಲ್ಲಿ ಉತ್ಖನನ ನಡೆಸುತ್ತಿದ್ದವರಿಗೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಮನೆಯೊಂದರ ಜಾಗದಲ್ಲಿ ಕರಿಕಾಗಿ ಕಲ್ಲಿನಂತಾಗಿದ್ದ ಅನ್ನದ ಗಟ್ಟಿಯೊಂದು ದೊರೆಯಿತು. ಅದಕ್ಕೆ ಹೆಚ್ಚುಕಡಿಮೆ ತ್ರಿಕೋನಾಕಾರವಿತ್ತು. ಅದನ್ನು ಇಂದಿನ ಒನಿಗಿರಿಯ ಮುತ್ತಜ್ಜಿ ಎನ್ನಬಹುದೇ, ಅಥವಾ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನ ಜಾತಿಗೆ ಸೇರಿಸಬೇಕೇ ಎಂಬ ಚರ್ಚೆಗೆ ಎಡೆಯಿದೆ. ಊರಿನವರಿಗೆ ಮಾತ್ರ ಸಂಶಯವಿಲ್ಲ. ಅವರು ಜೂನ್ 18ನ್ನು ‘ಒನಿಗಿರಿ ದಿನ’ವೆಂದು ಸಾರಿಬಿಟ್ಟಿದ್ದಾರೆ.

ಇನ್ನು ಆ ಜಾಣ ಮಗುವಿನ ಪ್ರಶ್ನೆ. ಉತ್ತರ ಅಜ್ಜಿಯ ಕೈಬಲದಲ್ಲಿಲ್ಲ, ಅಕ್ಕಿಯಲ್ಲಿದೆ. ಅಕ್ಕಿಯ ಬಹುಭಾಗ ಪಿಷ್ಟ. ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್ ಮತ್ತು ಅಮೈಲೊಪೆಕ್ಟಿನ್. ಅಮೈಲೋಸ್ ಉದ್ದನೆಯ ನೇರ ದಾರದಂತೆ; ಅಮೈಲೊಪೆಕ್ಟಿನ್ ಕವಲೊಡೆದ ಪೊದೆಯಂತೆ. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ, ಕಡಿಮೆಯಿದ್ದರೆ ಅಗುಳುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ದಕ್ಷಿಣ ಭಾರತದ ಬಹುಪಾಲು ಊಟದ ಅಕ್ಕಿಗಳ ಪಿಷ್ಟದಲ್ಲಿ ಅಮೈಲೋಸ್ ಶೇಕಡಾ 20ಕ್ಕಿಂತ ಹೆಚ್ಚು. ಜಪಾನಿನ ಗಿಡ್ಡ, ಗುಂಡಗಿನ ಅಕ್ಕಿಗಳಲ್ಲಿ ಅದು ಶೇಕಡಾ 15ರಿಂದ 20ರೊಳಗೆ. 1956ರಲ್ಲಿ ಹೆಸರು ಪಡೆದು ಹೊಲಕ್ಕಿಳಿದ ಕೊಶಿಹಿಕಾರಿ ಎಂಬ ತಳಿ ಇವತ್ತಿಗೂ ಜಪಾನೀಯರ ಅಚ್ಚುಮೆಚ್ಚಿನದು. ಅದರಲ್ಲಿ ಸುಮಾರು ಶೇಕಡಾ 17. ಸಾರಿಗೆ, ಹುಳಿಗೆ, ಚಿತ್ರಾನ್ನಕ್ಕೆ ಉದುರು ಅನ್ನವೇ ಸರಿ. ಕಡ್ಡಿಗಳಲ್ಲಿ ಎತ್ತಿ ತಿನ್ನುವವರಿಗೆ ಅಂಟುವ ಅನ್ನವೇ ಸರಿ. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ಇಲ್ಲೊಂದು ತಪ್ಪು ಕಲ್ಪನೆ ಬಹಳ ಹರಡಿದೆ. ಒನಿಗಿರಿಗೆ ಅಂಗಡಿಯಲ್ಲಿ ‘ಅಂಟಕ್ಕಿ’ ಕೇಳಿ ತರುವವರಿದ್ದಾರೆ. ಅಮೈಲೋಸ್ ಹತ್ತಿರಹತ್ತಿರ ಇಲ್ಲವೇ ಇಲ್ಲವೆನ್ನುವಂಥ ಆ ಅಕ್ಕಿಯನ್ನು ಜಪಾನಿನಲ್ಲಿ ಕುಟ್ಟಿ ಮೋಚಿ ಎಂಬ ಜಿಗುಟಾದ ತಿಂಡಿ ಮಾಡಲು ಬಳಸುತ್ತಾರೆ. ಒನಿಗಿರಿಗೆ ಬೇಕಾದದ್ದು ಜಪಾನಿನ ದಿನಬಳಕೆಯ ಊಟದ ಅಕ್ಕಿ. ಅಂಗಡಿಗಳಲ್ಲಿ ‘ಸುಶಿ ರೈಸ್’ ಎಂಬ ಚೀಟಿ ಹಚ್ಚಿ ಮಾರುವುದೂ ಸಾಮಾನ್ಯವಾಗಿ ಅದನ್ನೇ. ಬೆಂಗಳೂರಿನಂಥ ಊರುಗಳಲ್ಲಿ ಅದು ಸಿಗುತ್ತದೆ, ಬೆಲೆ ಮಾತ್ರ ಚುರುಕು.

ಅದು ಸಿಗದಿದ್ದರೆ? ಇಡ್ಲಿ ಅಕ್ಕಿಯೂ ಗಿಡ್ಡವಾಗಿ ಗುಂಡಗಿದೆಯಲ್ಲ ಎಂದು ಮೋಸಹೋಗಬಾರದು. ಅದು ಕುಸುಬಲಕ್ಕಿ. ಭತ್ತದಲ್ಲಿದ್ದಾಗಲೇ ಒಮ್ಮೆ ಬೆಂದು ಒಣಗಿರುವುದರಿಂದ ಅದರ ಪಿಷ್ಟ ಗಟ್ಟಿಗೊಂಡಿರುತ್ತದೆ, ಅಗುಳು ಅಗುಳಿಗೆ ಅಂಟುವುದಿಲ್ಲ. ಬಾಸುಮತಿಯಂತೂ ಬೇಡವೇ ಬೇಡ. ಇದ್ದುದರಲ್ಲಿ ಒಳ್ಳೆಯದು ಹೊಸ ಬೆಳ್ತಿಗೆ ಅಕ್ಕಿ. ಸುಗ್ಗಿ ಮುಗಿದು ಒಂದೆರಡು ತಿಂಗಳಲ್ಲಿ ಬರುವ ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಮನೆಗಳಲ್ಲಿ ಗೊಣಗುತ್ತಾರಲ್ಲ, ಆ ದೋಷವೇ ಇಲ್ಲಿ ಗುಣ. ದಿನಕ್ಕಿಂತ ಅರ್ಧ ಲೋಟ ನೀರು ಹೆಚ್ಚು ಹಾಕಿ ಬೇಯಿಸಿ, ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಸ್ವಲ್ಪ ಒತ್ತಿಕೊಂಡರೆ ಉಂಡೆ ನಿಲ್ಲುತ್ತದೆ. ಜಪಾನಿನ ಉಂಡೆಯಂತೆ ಅಗುಳುಗಳು ಬಿಡಿಬಿಡಿಯಾಗಿ ಹೊಳೆಯುವುದಿಲ್ಲ. ಮೊಸರನ್ನದ ಮುದ್ದೆಯ ಅಣ್ಣತಮ್ಮನಂತೆ ಕಾಣುತ್ತದೆ. ಮಕ್ಕಳು ಅದನ್ನೇನೂ ಆಕ್ಷೇಪಿಸುವುದಿಲ್ಲ.

ಈಗ ಮಾಡುವ ಬಗೆ. 300 ಗ್ರಾಂ ಅಕ್ಕಿಗೆ ಆರು ಉಂಡೆಗಳಾಗುತ್ತವೆ. ಮೊದಲನೇ ನೀರನ್ನು ಹಾಕಿ ಒಮ್ಮೆ ಕೈಯಾಡಿಸಿ ಕೂಡಲೇ ಬಸಿದುಬಿಡಬೇಕು. ಒಣ ಅಕ್ಕಿ ಮೊದಲು ತಾಗಿದ ನೀರನ್ನೇ ಗಬಗಬನೆ ಹೀರುವುದರಿಂದ, ತೌಡಿನ ವಾಸನೆಯ ಆ ಅಕ್ಕಚ್ಚು ಅದರೊಳಗೆ ಹೋಗಬಾರದು. ಇನ್ನೂ ಎರಡು ಮೂರು ಸಲ ತೊಳೆದರೆ ಸಾಕು. ನೀರು ಸ್ಫಟಿಕದಂತೆ ತಿಳಿಯಾಗುವವರೆಗೂ ಉಜ್ಜುತ್ತ ನಿಂತರೆ ಅಕ್ಕಿ ಮುರಿಯುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದು ಗಂಟೆ ನೆನೆಹಾಕಬೇಕು. ಇದನ್ನು ಬಿಟ್ಟರೆ ಹೊರಗೆ ಬೆಂದು ಒಳಗೆ ಗಂಟು ಉಳಿಯುತ್ತದೆ. ನೆನೆದ ಅಕ್ಕಿಯನ್ನು ಬಸಿದು ದಪ್ಪ ತಳದ ಪಾತ್ರೆಗೆ ಹಾಕಿ, ಹೊಸದಾಗಿ 400 ಮಿಲಿಲೀಟರಿನಷ್ಟು ನೀರು ಹಾಕಿ, ಭದ್ರವಾದ ಮುಚ್ಚಳ ಮುಚ್ಚಬೇಕು. ಇದು ಜಪಾನಿನ ಅಕ್ಕಿಯ ಲೆಕ್ಕ. ಊರಿನ ಅಕ್ಕಿಗೆ ಅದರ ಸುಮಾರು ಎರಡರಷ್ಟು ನೀರು ಬೇಕಾದೀತು. ಕುದಿ ಬರುವವರೆಗೆ ದೊಡ್ಡ ಉರಿ, ಆಮೇಲೆ ಹನ್ನೆರಡು ನಿಮಿಷ ಸಣ್ಣ ಉರಿ, ಒಲೆ ಆರಿಸಿದ ಮೇಲೆ ಹದಿನೈದು ನಿಮಿಷ ಹಾಗೇ ಆವಿಯಲ್ಲಿ. ಅಷ್ಟು ಹೊತ್ತೂ ಮುಚ್ಚಳ ತೆಗೆಯಬಾರದು. ಮಗು ಅತ್ತರೂ ತೆಗೆಯಬಾರದು ಎಂದು ಜಪಾನಿನ ಅಜ್ಜಿಯರು ಹೇಳುತ್ತಿದ್ದರಂತೆ. ಮಗುವಿನ ವಿಷಯದಲ್ಲಿ ಅಷ್ಟು ಕಠೋರವಾಗಬೇಕಿಲ್ಲ. ಆವಿಯ ಮಹತ್ವ ತಿಳಿದರೆ ಸಾಕು.

ಮುಚ್ಚಳ ತೆಗೆದ ಮೇಲೆ ತಳದಿಂದ ಮೇಲಕ್ಕೆ ಹಗುರವಾಗಿ ತಿರುವಿ, ಅನ್ನವನ್ನು ಅಗಲವಾದ ತಟ್ಟೆಗೆ ಹಾಕಿ ಎರಡು ಮೂರು ನಿಮಿಷ ಬಿಡಬೇಕು. ಕೈ ತಡೆಯುವಷ್ಟು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಇದೇ ಈ ಕೆಲಸದ ಮರ್ಮ. ಪಿಷ್ಟ ಮೆತ್ತಗಿರುವುದು ಬಿಸಿಯಲ್ಲಿ ಮಾತ್ರ. ತಣ್ಣಗಾದ ಅನ್ನದಲ್ಲಿ ಎಷ್ಟು ತಿಣುಕಿದರೂ ಆಕಾರ ಬರುವುದಿಲ್ಲ. ಬಂದರೂ ಕಚ್ಚಿದ ಕೂಡಲೇ ಉದುರುತ್ತದೆ.

ಕೈಗಳನ್ನು ನೀರಿನಲ್ಲಿ ಅದ್ದಿ ಕೊಡವಿ, ಎರಡು ಬೆರಳಲ್ಲಿ ಹಿಡಿಯುವಷ್ಟು ಉಪ್ಪನ್ನು ಅಂಗೈಗಳಿಗೆ ಸವರಿಕೊಳ್ಳಬೇಕು. ಸುಮಾರು 100 ಗ್ರಾಂ ಅನ್ನವನ್ನು ಎಡಗೈಯಲ್ಲಿ ಹರಡಿ, ನಡುವೆ ಗುಳಿ ಮಾಡಿ, ಹೂರಣವಿಟ್ಟು ಮುಚ್ಚಬೇಕು. ಎಡಗೈ ನೆಲದಂತೆ ಚಪ್ಪಟೆ. ಬಲಗೈ ಮನೆಯ ಮಾಡಿನಂತೆ ಬಾಗಿ ಮೇಲಿನ ಕೋನವನ್ನು ರೂಪಿಸುತ್ತದೆ. ಒಮ್ಮೆ ಒತ್ತಿ, ತನ್ನೆಡೆಗೆ ಒಂದು ಸುತ್ತು ತಿರುಗಿಸಿ, ಮತ್ತೆ ಒತ್ತಬೇಕು. ಹೀಗೆ ಆರೇಳು ಸಲ ಮಾಡಿದರೆ ಮೂರು ಮೂಲೆಗಳೂ ಮೂಡುತ್ತವೆ. ತ್ರಿಕೋನವೇ ಆಗಬೇಕೆಂದಿಲ್ಲ. ಒಸಾಕಾ ಕಡೆಯಲ್ಲಿ ಭತ್ತದ ಮೂಟೆಯಂಥ ಉರುಳೆಯಾಕಾರ ಹಿಂದಿನಿಂದ ಬಂದದ್ದು. ಚೆಂಡಿನಂತೆ ಕಟ್ಟುವ ಸೀಮೆಗಳೂ ಇವೆ. ಇಲಿಯ ಬಿಲಕ್ಕೆ ಉರುಳಬೇಕಾದರೆ ಅದೇ ಅನುಕೂಲ.

ಹೊಸಬರು ಎಡವುವುದು ಒಂದೇ ಕಡೆ: ಒಡೆದುಹೋದೀತೆಂಬ ಭಯದಲ್ಲಿ ಉಂಡೆಯನ್ನು ಹಿಂಡುತ್ತಾರೆ. ರಾಗಿಮುದ್ದೆ ಕಟ್ಟಿ ರೂಢಿಯಿರುವ ಕೈಗಳಂತೂ ಬೇಗ ಈ ತಪ್ಪು ಮಾಡುತ್ತವೆ. ಮುದ್ದೆಗೆ ಒಳಗೆ ಗಾಳಿ ಉಳಿಯಬಾರದು. ಒನಿಗಿರಿಗೆ ಗಾಳಿ ಉಳಿಯಲೇಬೇಕು. ಹೊರಗಿನ ಪದರ ಮಾತ್ರ ಒಂದಕ್ಕೊಂದು ಕೂಡಿಕೊಂಡು, ಒಳಗಿನ ಅಗುಳುಗಳು ಸಡಿಲವಾಗಿದ್ದರೆ ಬಾಯಲ್ಲಿಟ್ಟಾಗ ಉಂಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿಂಡಿದ ಉಂಡೆ ಅರ್ಧ ಗಂಟೆಯಲ್ಲಿ ರಬ್ಬರು. ಹಿಡಿತ ಸಾಕು, ಬಿಗಿತ ಬೇಡ. ಅಗುಳುಗಳನ್ನು ಕೂಡಿಸುವ ಕೆಲಸವನ್ನು ಪಿಷ್ಟವೇ ಮಾಡುತ್ತದೆ, ಕೈ ಅದಕ್ಕೆ ದಾರಿ ತೋರಿಸಿದರಾಯಿತು. ಕೈಗೆ ನೀರು ಹೆಚ್ಚಾದರೂ ಕೆಟ್ಟದ್ದೇ. ಮೇಲ್ಪದರ ಗಂಜಿಯಂತಾಗಿ ಜಾರುತ್ತದೆ.

ಅಂಗೈಯ ಆ ಉಪ್ಪಿಗೆ ಜಪಾನೀಯರಲ್ಲಿ ‘ತೆಶಿಯೊ’ ಎಂಬ ಹೆಸರಿದೆ, ‘ಕೈ ಉಪ್ಪು’ ಎಂದರ್ಥ. ಮೊದಲಿಗೆ ಈ ಮಾತು ಊಟದ ಮಣೆಯ ಬದಿಯಲ್ಲಿ ಅವರವರ ರುಚಿಗೆ ಹಾಕಿಕೊಳ್ಳಲೆಂದು ಇಡುತ್ತಿದ್ದ ಉಪ್ಪಿಗೆ ಸಲ್ಲುತ್ತಿತ್ತು. ಅದರಿಂದ ಹುಟ್ಟಿದ ನುಡಿಗಟ್ಟೊಂದು ಈಗಲೂ ಬಳಕೆಯಲ್ಲಿದೆ. ಒಂದು ಮಗುವನ್ನೋ, ಗಿಡವನ್ನೋ, ಶಿಷ್ಯನನ್ನೋ ಇನ್ನೊಬ್ಬರಿಗೆ ಒಪ್ಪಿಸದೆ ತಾವೇ ಮುತುವರ್ಜಿಯಿಂದ ಬೆಳೆಸಿದರೆ, ‘ಕೈ ಉಪ್ಪು ಹಾಕಿ ಬೆಳೆಸಿದ್ದು’ ಎನ್ನುವ ಅರ್ಥದ ಮಾತು ಬಳಸುತ್ತಾರೆ. ಬೆಳದಿಂಗಳಲ್ಲಿ ಅಮ್ಮನ ಸುತ್ತ ಕುಳಿತು ಕೈತುತ್ತು ತಿಂದವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ.

ಆದರೆ ಕೈಯಲ್ಲಿ ಪ್ರೀತಿಯಷ್ಟೇ ಇರುವುದಿಲ್ಲ. ಮನುಷ್ಯರ ಚರ್ಮದಲ್ಲಿ, ಮೂಗಿನಲ್ಲಿ, ಮುಖ್ಯವಾಗಿ ಗಾಯಗಳಲ್ಲಿ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೆಚ್ಚಗಿನ, ತೇವವಿರುವ ಅನ್ನದಲ್ಲಿ ಅದು ಬೆಳೆದು ವಿಷ ಉಗುಳುತ್ತದೆ. ಜಪಾನಿನಲ್ಲಿ ಈ ಬ್ಯಾಕ್ಟೀರಿಯಾದಿಂದಾಗುವ ವಿಷಾಹಾರದ ಪ್ರಕರಣಗಳಲ್ಲಿ ಒನಿಗಿರಿಯ ಹೆಸರು ಹಿಂದಿನಿಂದಲೂ ಕೇಳಿಬಂದಿದೆ. ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತೊಳಸಿ ವಾಂತಿ ಶುರುವಾಗುತ್ತದೆ. ಕಷ್ಟವೇನೆಂದರೆ, ಬ್ಯಾಕ್ಟೀರಿಯಾ ಬಿಸಿಗೆ ಸತ್ತರೂ ಅದು ಆಗಲೇ ಬಿಟ್ಟಿರುವ ವಿಷ ಕಾಯಿಸಿದರೂ ಹೋಗುವುದಿಲ್ಲ. ಅನ್ನಕ್ಕೆ ಇನ್ನೊಬ್ಬ ಶತ್ರುವೂ ಉಂಟು: ಬ್ಯಾಸಿಲಸ್ ಸೀರಿಯಸ್. ಅದರ ಬೀಜಾಣುಗಳು ಅಕ್ಕಿ ಬೇಯುವಾಗಲೂ ಸಾಯದೆ ಉಳಿದು, ಅನ್ನ ಬೆಚ್ಚಗೆ ಬಿದ್ದಿದ್ದಾಗ ಚಿಗುರುತ್ತವೆ.

ಆದ್ದರಿಂದ ಜಪಾನಿನ ಆರೋಗ್ಯಾಧಿಕಾರಿಗಳು ಬರಿಗೈಯಲ್ಲಿ ಕಟ್ಟುವ ಬದಲು ಅಡುಗೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಅನ್ನವನ್ನಿಟ್ಟು ಹೊರಗಿನಿಂದ ಒತ್ತಲು ಹೇಳುತ್ತಾರೆ. ಅಮ್ಮನ ಕೈಯದಾದರೆ ತಿನ್ನುತ್ತೇವೆ, ಬೇರೆಯವರ ಬರಿಗೈಯದಾದರೆ ಒಲ್ಲೆವು ಎನ್ನುವವರು ಅಲ್ಲಿ ಈಗ ಸಾಕಷ್ಟಿದ್ದಾರೆ. ಹಳೆಯ ಕಾಲದ ತಾಯಂದಿರಿಗೆ ಇದು ನೋವಿನ ಮಾತು. ಉಪ್ಪು ಸವರಿದ ಕೈಯ ರುಚಿ ಹಾಳೆಗೆ ಬರುವುದಿಲ್ಲ ಎಂದು ವಾದಿಸುವವರೂ ಕಡಿಮೆಯಿಲ್ಲ. ಎರಡು ಕಡೆಯೂ ನಿಜವಿದೆ. ಕಟ್ಟಿದ ಕೂಡಲೇ ಮನೆಯಲ್ಲಿ ಕುಳಿತು ತಿನ್ನುವುದಾದರೆ ಸೋಪಿನಿಂದ ತೊಳೆದ, ಉಂಗುರ ತೆಗೆದ, ಗಾಯವಿಲ್ಲದ ಕೈ ಸಾಕು. ಮಗುವಿನ ಡಬ್ಬಿಗೆ ಹೋಗುವುದಾದರೆ ಹಾಳೆಯೇ ಬೇಕು. ಅಲ್ಲಿ ಪ್ರೀತಿ ತೋರಿಸುವ ರೀತಿ ಅದೇ. ಹಿಂದೆ ಜಪಾನಿನಲ್ಲಿ ಉಂಡೆಗಳನ್ನು ಬಿದಿರಿನ ಹಾಳೆಯಲ್ಲಿ ಸುತ್ತುತ್ತಿದ್ದರು. ಕೆಂಡದ ಮೇಲೆ ಬಾಡಿಸಿ ಒರೆಸಿದ ಬಾಳೆಲೆಯೂ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಕಟ್ಟಿದ ಉಂಡೆಗಳನ್ನು ಪೂರ್ತಿ ಆರಿಸಿ ಡಬ್ಬಿ ಮುಚ್ಚಬೇಕು. ಬಿಸಿಯಾಗಿಯೇ ಮುಚ್ಚಿದರೆ ಒಳಗೆ ಬೆವರಿ ನೀರಾಗುತ್ತದೆ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯಲೇಬೇಕು. ಸಂಜೆ ಡಬ್ಬಿಯಲ್ಲಿ ವಾಪಸು ಬಂದದ್ದನ್ನು, ಎಷ್ಟೇ ಚೆನ್ನಾಗಿ ಕಂಡರೂ, ಎಸೆಯುವುದೇ ಒಳ್ಳೆಯದು. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಒನಿಗಿರಿಯನ್ನು ಶಾಲೆಯ ಚೀಲಕ್ಕೆ ಹಾಕುವ ಯೋಚನೆಯನ್ನೇ ಬಿಡುವುದು ವಾಸಿ. ಆ ದಿನಗಳಿಗೆ ರೊಟ್ಟಿ, ಚಟ್ನಿಪುಡಿ ಇದ್ದೇ ಇವೆ.

ಒಳಗೆ ಏನಿಡಬೇಕು? ಜಪಾನಿನ ಹಳೆಯ ಉತ್ತರ ಉಮೆಬೋಶಿ. ಉಮೆ ಎಂಬ ಹುಳಿ ಹಣ್ಣನ್ನು ಬಹಳ ಉಪ್ಪಿನಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ ಮಾಡಿದ ಉಪ್ಪಿನಕಾಯಿ ಅದು. ಹಿಂದಿನ ಪದ್ಧತಿಯಲ್ಲಿ ಹಣ್ಣಿನ ತೂಕದ ಶೇಕಡಾ 20ರ ಹತ್ತಿರ ಉಪ್ಪು. ಒಂದನ್ನು ಬಾಯಿಗಿಟ್ಟರೆ ಮುಖ ಕಿವುಚಿಕೊಳ್ಳುತ್ತದೆ. ಆ ಉಪ್ಪು, ಹುಳಿಗಳು ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಆದರೆ ತಾನು ತಾಗಿದ ಜಾಗದಲ್ಲಿ ಮಾತ್ರ. ಒಂದು ಉಮೆಬೋಶಿ ಇಟ್ಟರೆ ಇಡೀ ಉಂಡೆಗೆ ರಕ್ಷೆ ಎಂದು ನಂಬಬಾರದು. ಮೀನು ತಿನ್ನುವವರು ಉಪ್ಪು ಹಚ್ಚಿ ಸುಟ್ಟ ಸಾಲ್ಮನ್ ಇಡುತ್ತಾರೆ. ಡಬ್ಬಿಯ ಟ್ಯೂನಾ ಮೀನಿಗೆ ಮೇಯನೀಸ್ ಕಲಸಿದ ಹೂರಣವನ್ನು ಸೆವೆನ್-ಇಲೆವೆನ್ ಅಂಗಡಿಗಳು 1983ರಲ್ಲಿ ಮಾರಾಟಕ್ಕೆ ತಂದಾಗ ಹಿರಿಯರು ಮೂಗು ಮುರಿದಿರಬೇಕು. ಮಕ್ಕಳು ಗೆದ್ದರು, ಅದು ಇಂದಿಗೂ ಅತ್ಯಂತ ಜನಪ್ರಿಯ ಹೂರಣಗಳಲ್ಲೊಂದು.

ಕರ್ನಾಟಕದ ಅಡುಗೆಮನೆಯಲ್ಲಿ ಉಮೆಬೋಶಿಯ ಜಾಗಕ್ಕೆ ಬರಬಲ್ಲದ್ದು ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಮಿಡಿ ಅಥವಾ ನೆಲ್ಲಿಕಾಯಿ. ಓಟೆ, ಬೀಜ ತೆಗೆದು, ನೀರು ಹಿಂಡಿ, ಜಜ್ಜಿ ಇಡಬೇಕು. ಎಣ್ಣೆಯ ಉಪ್ಪಿನಕಾಯಿ ಬೇಡ. ಎಣ್ಣೆ ಅನ್ನಕ್ಕಿಳಿದರೆ ಅಗುಳುಗಳ ನಡುವೆ ಜಾರುಬಂಡಿ ಮಾಡಿ ಉಂಡೆಯನ್ನು ಒಡೆಯುತ್ತದೆ. ಒಗ್ಗರಣೆಯ ಪಲ್ಯ ಇಟ್ಟು ಸೋತವರು ಇದೇ ಕಾರಣಕ್ಕೆ ಸೋತಿದ್ದಾರೆ. ಹುರಿದ ಎಳ್ಳಿಗೆ ಉಪ್ಪು ಸೇರಿಸಿ ತರಿಯಾಗಿ ಕುಟ್ಟಿ ಹೊರಗೆ ಹೊರಳಿಸುವುದು ಜಪಾನಿನಲ್ಲೂ ಇದೆ, ಇಲ್ಲಿಗೂ ಒಗ್ಗುತ್ತದೆ.

ಉಂಡೆಗೆ ಸುತ್ತುವ ಕಪ್ಪು ಹಾಳೆಯ ಹೆಸರು ನೋರಿ. ಸಮುದ್ರದ ಪಾಚಿಯನ್ನು ಕೊಚ್ಚಿ, ಕಾಗದದಂತೆ ಹರಡಿ ಒಣಗಿಸಿ ಮಾಡುವ ಅದರ ಅಳತೆ 21 ಸೆಂಟಿಮೀಟರ್ ಉದ್ದ, 19 ಸೆಂಟಿಮೀಟರ್ ಅಗಲ. ಅನ್ನ ಕೈಗಂಟದಂತೆ ಹಿಡಿಯಲು ಅದು ಬೇಕು, ರುಚಿಗೂ ಬೇಕು. ಸಿಗದಿದ್ದರೆ ಬಿಟ್ಟರೂ ಒನಿಗಿರಿ ಒನಿಗಿರಿಯೇ. ಆದರೆ ಆ ಹಾಳೆಯ ಹಿಂದಿರುವ ಕಥೆಯನ್ನು ಬಿಡುವಂತಿಲ್ಲ, ವಿಜ್ಞಾನ ಓದುವ ಹೆಣ್ಣುಮಕ್ಕಳಿರುವ ಮನೆಗಳಲ್ಲಂತೂ.

ಜಪಾನಿನ ಕರಾವಳಿಯವರು ನೂರಾರು ವರ್ಷಗಳಿಂದ ನೋರಿ ಬೆಳೆಯುತ್ತಿದ್ದರು. ಸಮುದ್ರದಲ್ಲಿ ಕಡ್ಡಿ, ಬಲೆ ನೆಟ್ಟು ಕಾಯುವುದು. ಶರತ್ಕಾಲದಲ್ಲಿ ಎಲ್ಲಿಂದಲೋ ಬಂದು ಅಂಟಿಕೊಂಡರೆ ಬೆಳೆ, ಇಲ್ಲದಿದ್ದರೆ ಇಲ್ಲ. ವಸಂತದಲ್ಲಿ ಮಾಯವಾಗುವ ಪಾಚಿ ಬೇಸಿಗೆಯೆಲ್ಲ ಎಲ್ಲಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಬೀಜವೇ ಗೊತ್ತಿಲ್ಲದ ಬೇಸಾಯ. ಅದಕ್ಕೇ ಜನ ಅದನ್ನು ಅದೃಷ್ಟದ ಹುಲ್ಲು ಎನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ವರ್ಷಗಳಲ್ಲಿ ಆ ಅದೃಷ್ಟವೂ ಕೈಕೊಟ್ಟು, ಬೆಳೆ ಕುಸಿದು, ಕರಾವಳಿಯ ಕುಟುಂಬಗಳು ಕಂಗಾಲಾದವು.

ಉತ್ತರ ಬಂದದ್ದು ಇಂಗ್ಲೆಂಡಿನಿಂದ. ಕ್ಯಾಥ್ಲೀನ್ ಡ್ರೂ-ಬೇಕರ್ 1901ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದರು. 1928ರಲ್ಲಿ ಮದುವೆಯಾದ ಮೇಲೆ, ವಿವಾಹಿತ ಸ್ತ್ರೀಯರನ್ನು ಕೆಲಸದಲ್ಲಿಟ್ಟುಕೊಳ್ಳದ ಅಂದಿನ ನಿಯಮದಿಂದಾಗಿ ಆ ಹುದ್ದೆ ಹೋಯಿತು. ಅವರು ಗೌರವ ಸಂಶೋಧಕಿಯಾಗಿ, ಅಧ್ಯಾಪಕಿಯ ಸಂಬಳವಿಲ್ಲದೆಯೇ, ಪಾಚಿಗಳ ಅಧ್ಯಯನ ಮುಂದುವರಿಸಿದರು. ಬ್ರಿಟನ್ನಿನ ವೇಲ್ಸ್ ತೀರದಲ್ಲೂ ನೋರಿಯ ದಾಯಾದಿಯಾದ ಒಂದು ಪಾಚಿಯಿದೆ. ಅಲ್ಲಿನವರು ಅದನ್ನು ಬೇಯಿಸಿ ತಿನ್ನುತ್ತಾರೆ. ಅದರ ಬೀಜಕಗಳನ್ನು ಬೆಳೆಸಿ ನೋಡುತ್ತಿದ್ದ ಡ್ರೂ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಬೀಜಕಗಳು ಚಿಪ್ಪುಗಳನ್ನು ಕೊರೆದು ಒಳಸೇರಿ, ಗುಲಾಬಿ ಬಣ್ಣದ ನವುರಾದ ಎಳೆಗಳಾಗಿ ಬೆಳೆದವು. ಚಿಪ್ಪಿನೊಳಗಿನ ಆ ಗುಲಾಬಿ ಎಳೆಗಳನ್ನು ವಿಜ್ಞಾನಿಗಳು ಮೊದಲೇ ಕಂಡಿದ್ದರು. ಅದನ್ನೊಂದು ಬೇರೆಯೇ ಜೀವಿಯೆಂದು ತಿಳಿದು ಬೇರೆ ಹೆಸರಿಟ್ಟಿದ್ದರು. ಅದೂ ಇದೂ ಒಂದೇ ಸಸ್ಯದ ಎರಡು ಅವಸ್ಥೆಗಳೆಂದು ಡ್ರೂ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದರು.

ಜಪಾನಿನ ವಿಜ್ಞಾನಿಗಳು ಅದನ್ನು ಓದಿದರು. ಬೇಸಿಗೆಯಲ್ಲಿ ನೋರಿ ಎಲ್ಲಿಗೆ ಹೋಗುತ್ತದೆಂಬುದು ಆಗ ಹೊಳೆಯಿತು: ಅದು ಸಮುದ್ರತಳದ ಚಿಪ್ಪುಗಳೊಳಗೆ ಅಡಗಿರುತ್ತದೆ. ಕೆಲವೇ ವರ್ಷಗಳಲ್ಲಿ ಸಿಂಪಿಯ ಚಿಪ್ಪುಗಳನ್ನು ತೊಟ್ಟಿಗಳಲ್ಲಿಟ್ಟು, ಬೀಜಕಗಳನ್ನು ಬೆಳೆಸಿ, ಬೇಕಾದ ಕಾಲಕ್ಕೆ ಬಲೆಗೆ ಹಿಡಿಸುವ ವಿಧಾನ ಸಿದ್ಧವಾಯಿತು. ಅದೃಷ್ಟದ ಹುಲ್ಲು ಬಿತ್ತಿ ಬೆಳೆಯುವ ಪೈರಾಯಿತು. ಡ್ರೂ ಜಪಾನನ್ನು ಒಮ್ಮೆಯೂ ನೋಡಲಿಲ್ಲ, ತಮ್ಮ ಶೋಧದಿಂದ ಒಂದು ರೂಪಾಯಿಯನ್ನೂ ಗಳಿಸಲಿಲ್ಲ, 1957ರಲ್ಲಿ ತೀರಿಕೊಂಡರು. ನೋರಿ ಬೆಳೆಗಾರರು ಹಣ ಕೂಡಿಸಿ 1963ರಲ್ಲಿ ಕುಮಾಮೊಟೊ ಪ್ರಾಂತದ ಉಟೊ ಎಂಬಲ್ಲಿ, ಅರಿಯಾಕೆ ಸಮುದ್ರ ಕಾಣುವ ಗುಡ್ಡದ ಮೇಲೆ ಅವರ ಸ್ಮಾರಕ ನಿಲ್ಲಿಸಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ಸೇರಿ ‘ಸಮುದ್ರದ ತಾಯಿ’ಗೆ ನಮಸ್ಕರಿಸುತ್ತಾರೆ.

ಒನಿಗಿರಿಗೆ ಶಾಲೆಯ ನಂಟೂ ಇದೆ. ಜಪಾನಿನ ಯಮಗಾಟಾ ಪ್ರಾಂತದ ತ್ಸುರುಒಕಾದಲ್ಲಿ 1889ರಲ್ಲಿ ಬೌದ್ಧ ಭಿಕ್ಷುಗಳು ದೈತೊಕುಜಿ ಎಂಬ ದೇವಾಲಯದ ಆವರಣದಲ್ಲಿ ಬಡಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸುತ್ತಿದ್ದರು. ಬುತ್ತಿ ತರಲಾರದ ಮಕ್ಕಳೇ ಅಲ್ಲಿ ಹೆಚ್ಚು. ಭಿಕ್ಷುಗಳು ಮನೆಮನೆಗೆ ಹೋಗಿ ಮಂತ್ರ ಹೇಳಿ ಬೇಡಿ ತಂದದ್ದರಲ್ಲಿ ಆ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡತೊಡಗಿದರು: ಒನಿಗಿರಿ, ಉಪ್ಪು ಹಾಕಿದ ಸಾಲ್ಮನ್ ಮೀನಿನ ತುಂಡು, ಸೊಪ್ಪಿನ ಉಪ್ಪಿನಕಾಯಿ. ಜಪಾನಿನ ಶಾಲಾ ಊಟದ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ. ದೇವಾಲಯದಲ್ಲಿ ಅದರ ಗುರುತಿಗೆ ಕಲ್ಲು ನೆಟ್ಟಿದ್ದಾರೆ. ಆ ಊಟಕ್ಕೆ ಒನಿಗಿರಿಯೇ ಏಕೆ ಎಂದು ಯೋಚಿಸಿದರೆ, ತಟ್ಟೆ ಬೇಡ, ಬಟ್ಟಲು ಬೇಡ, ಪ್ರತಿ ಮಗುವಿಗೆ ಎಷ್ಟೆಂಬುದು ಎಣಿಕೆಗೆ ಸಿಗುತ್ತದೆ.

ಇದೇ ಕಾರಣಕ್ಕೆ ಆಪತ್ತಿನಲ್ಲೂ ಅದು ಒದಗುತ್ತದೆ. 1995ರ ಜನವರಿ 17ರ ನಸುಕಿನಲ್ಲಿ ಕೋಬೆ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅನಿಲವಿಲ್ಲ, ನೀರಿಲ್ಲ, ಕೊರೆಯುವ ಚಳಿ. ಸುತ್ತಲ ಊರುಗಳವರು ತಮ್ಮ ಮನೆಗಳಲ್ಲಿ ಅನ್ನ ಮಾಡಿ, ಉಂಡೆ ಕಟ್ಟಿ, ನಿರಾಶ್ರಿತರ ಶಿಬಿರಗಳಿಗೆ ಹೊತ್ತು ತಂದರು. ಅದರ ನೆನಪಿಗೆ ಜನವರಿ 17ನ್ನು ‘ಒಮುಸುಬಿ ದಿನ’ವೆಂದು 2000ದಲ್ಲಿ ಗೊತ್ತುಮಾಡಲಾಯಿತು. ಅಲ್ಲಿ ಯಾರೂ ಬರಿಗೈಯೋ ಹಾಳೆಯೋ ಎಂದು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಈಗ ಜಪಾನಿನ ಮೂಲೆಮೂಲೆಯ ಅಂಗಡಿಗಳಲ್ಲಿ ಯಂತ್ರ ಕಟ್ಟಿದ ಒನಿಗಿರಿ ಸಿಗುತ್ತದೆ. ಅದರ ಹೊದಿಕೆಯೇ ಒಂದು ಜಾಣತನ. ನೋರಿ ಅನ್ನಕ್ಕೆ ತಾಗಿದ್ದರೆ ತೇವವಾಗಿ ಮೆತ್ತಗಾಗುತ್ತದೆ. ಅದಕ್ಕಾಗಿ ಎರಡರ ನಡುವೆ ಪ್ಲಾಸ್ಟಿಕ್ ಪದರವಿಟ್ಟು, ತುದಿಯ ಎಳೆಯನ್ನು ಎಳೆದಾಗ ಪದರ ಜಾರಿ ಹೊರಬಂದು ನೋರಿ ಆಗಷ್ಟೇ ಅನ್ನಕ್ಕೆ ಕೂಡುವ ಏರ್ಪಾಟನ್ನು 1970ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದರು. ಮನೆಯಲ್ಲಿ ಇಷ್ಟೆಲ್ಲ ಬೇಡ. ನೋರಿಯನ್ನು ಬೇರೆ ಸುತ್ತಿಟ್ಟು ತಿನ್ನುವಾಗ ಹಚ್ಚಿಕೊಂಡರಾಯಿತು.

ಕೊನೆಗೆ, ಮನೆಯಲ್ಲೇ ಉಳಿದ ಉಂಡೆಗಳ ವಿಚಾರ. ಅವನ್ನು ಫ್ರಿಜ್ಜಿನ ಮಾಮೂಲಿ ಕಪಾಟಿನಲ್ಲಿಟ್ಟರೆ ಮಾರನೇ ದಿನ ಮರಳಿನಂತೆ ಬಿರುಸಾಗಿರುತ್ತವೆ. ಬೆಂದಾಗ ಬಿಚ್ಚಿಕೊಂಡಿದ್ದ ಪಿಷ್ಟ ತಣ್ಣಗಾದಾಗ ಮತ್ತೆ ಒತ್ತೊತ್ತಾಗಿ ಜೋಡಿಕೊಳ್ಳುತ್ತದೆ. ಫ್ರಿಜ್ಜಿನ ಚಳಿಯಲ್ಲಿ ಈ ಕ್ರಿಯೆ ಅತಿ ವೇಗ. ಫ್ರೀಜರಿನಲ್ಲಿ ನೀರೇ ಹೆಪ್ಪುಗಟ್ಟುವುದರಿಂದ ಅದು ನಿಂತುಹೋಗುತ್ತದೆ. ಹಾಗಾಗಿ ಕಟ್ಟಿದ ಉಂಡೆಯನ್ನು ಬೇಗ ಆರಿಸಿ, ಸುತ್ತಿ, ಫ್ರೀಜರಿಗೆ ಹಾಕುವುದು ಮೇಲು. ಬೇಕಾದಾಗ ಆವಿಯಲ್ಲಿಟ್ಟರೆ ಮೊದಲಿನ ಮೆತ್ತಗೆ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ಬಿರುಸಾದವನ್ನೂ ಎಸೆಯಬೇಕಿಲ್ಲ. ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಸೋಕಿಸಿ, ಉಂಡೆಯ ಎರಡೂ ಮಗ್ಗುಲು ಒಣಗಿ ಗರಿಯಾಗುವವರೆಗೆ ಬಿಡಬೇಕು. ಆಮೇಲೆ ಸೋಯಾ ಸಾಸ್ ಸವರಿ ಮತ್ತೊಮ್ಮೆ ಮಗುಚಬೇಕು. ಮೊದಲೇ ಸವರಿದರೆ ಸಾಸ್ ಸೀದು ಉಂಡೆ ಕಾವಲಿಗೆ ಹಿಡಿಯುತ್ತದೆ. ಹೊರಗೆ ದೋಸೆಯ ಅಂಚಿನಂಥ ಕಂದು ಹೊಪ್ಪಳೆ, ಒಳಗೆ ಬಿಸಿ ಅನ್ನ. ಮಳೆಗಾಲದ ಸಂಜೆ ಶಾಲೆಯಿಂದ ನೆನೆದು ಬಂದ ಮಕ್ಕಳ ಮುಂದಿಟ್ಟರೆ, ಎರಡನೇ ಸಲ ಕಾವಲಿ ಕಾಯಿಸಬೇಕಾಗಿ ಬರುತ್ತದೆ.